ಪದ್ಮಿನಿ ಬಿಟ್ಟ ಹೊಗೆ

ಮಾವ ಕೊಟ್ಟ ಪ್ರೀಮಿಯರ್ ಪದ್ಮಿನಿಗೆ ನಮ್ಮನೇಲಿ ನನಗಿಂತ ಮರ್ಯಾದೆ ಜಾಸ್ತಿ, ಹಾಗಾಗಿ ಅದು ಕಪ್ಪು ಹೊಗೆ ಬಿಡೋಕೆ ಶುರು ಮಾಡಿದಾಗ ಎಲ್ಲರೂ ಅನುಮಾನದಿಂದ ನೋಡಿದ್ದು ಕಾರನ್ನಲ್ಲ, ನನ್ನನ್ನ. ಒಳಗೆ ಕೂತ್ರೆ ಪೆಟ್ರೋಲ್ ವಾಸನೆ, ಸಿಗ್ನಲ್ಲಲ್ಲಿ ನಿಂತ್ರೆ ಇಂಜಿನ್ ಆಫ್, ಮೈಲೇಜ್ ಬಾಯಿಬಿಟ್ಟು ಹೇಳೋ ಹಾಗಿಲ್ಲ. ಎದುರುಮನೆ ಆಂಟಿ ಸಂಡಿಗೆ ಎತ್ಕೊಂಡು ಒಳಗೆ ಓಡಿದ್ರು ಅಂದ್ರೆ ನಾನು ಕೀ ಹಿಡ್ಕೊಂಡು ಹೊರಗೆ ಬಂದಿದೀನಿ ಅಂತ ಲೆಕ್ಕ.

ಹಳೇ ಕಾರಿನ ಬಾನೆಟ್ ಎತ್ತಿದ್ರೆ ಸಾಕು, ಎಲ್ಲಿದ್ರೋ ಏನೋ, ಎಕ್ಸ್‌ಪರ್ಟ್‌ಗಳು ಬಂದ್ಬಿಡ್ತಾರೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸೋ ಕಾರ್ಬ್ಯುರೇಟರ್ ಇದ್ಯಲ್ಲ, ಪಕ್ಕದ್ಮನೆ ಅಂಕಲ್ ಅದರ ಮಿಕ್ಸ್ಚರ್ ಸ್ಕ್ರೂನ ಒಳಗೆ ತಿರುಗಿಸಿದ್ರು, ಹಾಲಿನವನು ಹೊರಗೆ ತಿರುಗಿಸಿದ, ಇಬ್ರಿಗೂ ತಾವು ಮಾಡಿದ್ದೇ ಸರಿ ಅಂತ ಭಾರೀ ಸಮಾಧಾನ, ಆದ್ರೆ ಆ ಸ್ಕ್ರೂ ಕೆಲಸ ಇರೋದು ಐಡ್ಲಿಂಗ್‌ನಲ್ಲಿ, ಅಂದ್ರೆ ಗಾಡಿ ನಿಂತು ಇಂಜಿನ್ ಸುಮ್ನೆ ಓಡ್ತಿರುವಾಗ ಮಾತ್ರ, ರೋಡಲ್ಲಿ ಓಡುವಾಗ ಬರೋ ಹೊಗೆಗೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟೆ.

ಕೊನೆಗೆ ನಮ್ಮ ಹಳೇ ಮೆಕ್ಯಾನಿಕ್ ಬಂದ್ರು. "ಯಾರ್ ಸಾರ್ ಇದಕ್ಕೆ ಕೈ ಹಾಕಿದ್ದು?" ಅಂದ್ರು, ಅಂಕಲ್ ಆಕಾಶ ನೋಡಿದ್ರು. ಕಿಡಿ ಹೊತ್ತಿಸೋ ಸ್ಪಾರ್ಕ್ ಪ್ಲಗ್ ಬಿಚ್ಚಿದ್ರೆ ಒಣ ಮಸಿ. "ಕಾಫಿಪುಡಿ ಬಣ್ಣ ಇರ್ಬೇಕು ಸಾರ್, ಇದು ಕಾಡಿಗೆ ಆಗಿದೆ." ಪೆಟ್ರೋಲ್ ಸರಿಯಾಗಿ ಉರಿಯೋಕೆ ಒಂದು ಭಾಗಕ್ಕೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕಂತೆ, ನಮ್ಮ 1089 ಸಿಸಿ ಪುಣ್ಯಾತ್ಗಿತ್ತಿ ಗಾಳಿ ಬಿಟ್ಟು ಬರೀ ಪೆಟ್ರೋಲೇ ಕುಡೀತಾ ಇದ್ಲು. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡೋಕೆ ಪೆಟ್ರೋಲ್ ಪ್ರಮಾಣ ಜಾಸ್ತಿ ಮಾಡೋ ಚೋಕ್ ಕೇಬಲ್ ಪೂರ್ತಿ ವಾಪಸ್ ಹೋಗ್ತಿತ್ತು, ಏರ್ ಫಿಲ್ಟರ್ ಕ್ಲೀನಾಗಿತ್ತು, ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಜೆಟ್ಟಿಗೆ ಯಾರೂ ತಂತಿ ತೂರಿಸಿ ತೂತು ದೊಡ್ಡದು ಮಾಡಿರ್ಲಿಲ್ಲ. ಉಳಿದಿದ್ದು ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಮೇಲೆ ತೇಲೋ ಫ್ಲೋಟ್.

ಓವರ್‌ಹೆಡ್ ಟ್ಯಾಂಕಿನ ಚೆಂಡು ಇದ್ಯಲ್ಲ, ಅದೇ ಕೆಲಸ ಇದರದ್ದೂ. ಪೆಟ್ರೋಲ್ ಏರಿದಂಗೆ ತೇಲ್ಕೊಂಡು ಮೇಲೆ ಬಂದು ನೀಡಲ್ ವಾಲ್ವ್ ಒತ್ತಿ ದಾರಿ ಮುಚ್ಬೇಕು. ನಮ್ಮ ಹಿತ್ತಾಳೆ ಫ್ಲೋಟನ್ನ ಕಿವಿ ಹತ್ರ ಅಲ್ಲಾಡ್ಸಿದ್ರೆ ಒಳಗೆ ಗುಳುಗುಳು! ತೇಲ್ಬೇಕಾದ್ದೇ ಪೆಟ್ರೋಲ್ ಕುಡಿದು ಭಾರ ಆಗಿ ಮುಳುಗಿ ಕೂತಿತ್ತು, ಹಾಗಾಗಿ ಪೆಟ್ರೋಲ್ ದಾರಿ ಮುಚ್ತಾನೇ ಇರ್ಲಿಲ್ಲ. ಅಂಕಲ್ಲೂ ಇಸ್ಕೊಂಡು ಅಲ್ಲಾಡ್ಸಿ, "ನಾನು ಮೊದ್ಲೇ ಹೇಳ್ಲಿಲ್ವಾ" ಅಂದ್ರು. ಹೇಳಿರ್ಲಿಲ್ಲ.

ತೂತು ಎಲ್ಲಿದೆ ನೋಡೋಕೆ ಬಿಸಿನೀರಲ್ಲಿ ಮುಳುಗಿಸ್ಬೇಕು, ಗುಳ್ಳೆ ಬಂದ ಜಾಗವೇ ತೂತು. ಹಿತ್ತಲಿಗೆ ಹೆಂಡತಿ ಬಿಸಿನೀರು ತಂದ್ಕೊಟ್ಟಿದ್ದು ಹಾಲು ಕಾಯ್ಸೋ ಪಾತ್ರೇಲಿ, ಪೆಟ್ರೋಲ್ ಗುಳ್ಳೆ ಎದ್ದ ಮೇಲೆ "ಇದು ನಿಮಗೇ ಇರ್ಲಿ" ಅಂತ ಬಿಟ್ಟು ಹೋದ್ಲು.

"ಬೆಸುಗೆ ಹಾಕೋಣ್ವಾ?" ಅಂದೆ. "ಬೇಡ ಸಾರ್, ಯಾರೋ ಪುಣ್ಯಾತ್ಮ ಆಗ್ಲೇ ಒಂದು ರಾಶಿ ಹಾಕಿದಾನೆ ನೋಡಿ, ಆ ತೂಕಕ್ಕೇ ಇದು ಅರ್ಧ ಮುಳುಗಿರೋದು. ಹೊಸದೇ ಹಾಕಿ." ಹೊಸದು ಹಾಕಿದ್ವಿ, ಹೊಗೆ ನಿಂತೋಯ್ತು.

ಖುಷಿಗೆ ಮಾವನಿಗೆ ಫೋನ್ ಮಾಡಿ ಎಲ್ಲ ಹೇಳ್ದೆ. ಅವರು ಸಮಾಧಾನವಾಗಿ ಕೇಳಿಸ್ಕೊಂಡು, "ಫ್ಲೋಟ್ ಎಸೆದ್ಬಿಟ್ರಾ ಅಳಿಯಂದ್ರೇ? ಅಯ್ಯೋ, ಅದಕ್ಕೆ ನಾನೇ ಕೈಯಾರೆ ಬೆಸುಗೆ ಹಾಕಿದ್ದೆ, ಎಷ್ಟು ಗಟ್ಟಿಯಾಗಿತ್ತು!" ಅಂದ್ರು.