ಪಾರ್ಕಿಗೊಬ್ಬ ನೀರ್ಗಂಟಿ

ನಮ್ಮ ಬಡಾವಣೆಯ ಪಾರ್ಕಿನ ನಡುವೆ ಒಂದು ಕಾರಂಜಿ ಇದೆ. ಇದೆ ಅಂದರೆ, ಗುಂಡಗಿನ ತೊಟ್ಟಿ ಇದೆ, ಅದರ ಮಧ್ಯೆ ಸಿಮೆಂಟಿನ ಕಮಲ ಇದೆ. ನೀರು ಮಾತ್ರ ಇಲ್ಲ. ಉದ್ಘಾಟನೆಯ ದಿನ ಚಿಮ್ಮಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಮೋಟರ್ ಕೆಟ್ಟಿತು ಅಂತ ಒಬ್ಬರು, ಮೋಟರ್ ಹೋಯಿತು ಅಂತ ಇನ್ನೊಬ್ಬರು. ಕೆಡುವುದಕ್ಕೂ ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ? ಈಗ ಆ ತೊಟ್ಟಿಯಲ್ಲಿ ಒಂದು ಬೆಕ್ಕು ವರ್ಷಕ್ಕೆರಡು ಸಲ ಬಾಣಂತನ ಮಾಡಿಕೊಳ್ಳುತ್ತದೆ.

ಇಂಥ ಪಾರ್ಕಿಗೆ ಮಕ್ಕಳ ನೀರಾಟದ ಅಂಗಳ ಬರುತ್ತದಂತೆ. ಸ್ಪ್ಲ್ಯಾಶ್ ಪ್ಯಾಡ್ ಅನ್ನಬೇಕಂತೆ. 'ನಿಮ್ಮ ಅಭಿಪ್ರಾಯ ತಿಳಿಸಿ' ಅಂತ ಗೇಟಿಗೆ ಬ್ಯಾನರ್ ಕಟ್ಟಿದರು. ಭಾನುವಾರ ಸಂಜೆ ನಾಲ್ಕಕ್ಕೆ ಸಭೆ. ಮೈಸೂರಿನಲ್ಲಿ ಅಭಿಪ್ರಾಯಕ್ಕೆ ಯಾವತ್ತೂ ಬರ ಬಂದಿಲ್ಲ. ಮೂರೂವರೆಗೇ ಕುರ್ಚಿಗಳು ತುಂಬಿದ್ದವು.

ಪ್ಲಾನ್ ತಂದಿದ್ದ ಹುಡುಗ ಪಾಪ ಚೆನ್ನಾಗಿಯೇ ವಿವರಿಸಿದ. ಇದು ಕೊಳ ಅಲ್ಲ, ತೊಟ್ಟಿಯೂ ಅಲ್ಲ. ಜಾರದಂಥ ನೆಲ, ನೆಲದೊಳಗೆ ಹುದುಗಿಸಿದ ನಳಿಕೆಗಳು. ಅಲ್ಲಿಂದ ನೀರು ಚಿಮ್ಮುತ್ತದೆ, ಬಿದ್ದದ್ದು ನಿಲ್ಲದೆ ಜಾಲರಿಯಲ್ಲಿ ಇಳಿದುಹೋಗುತ್ತದೆ. ಆಳವೇ ಇಲ್ಲದ್ದರಿಂದ ಮುಳುಗುವ ಭಯ ಇಲ್ಲ. ಇಳಿದ ನೀರಿಗೆ ಎರಡು ದಾರಿ. ಒಂದು, ಹಾಗೇ ಹೊರಗೆ ಬಿಡುವುದು. ಇನ್ನೊಂದು, ನೆಲದಡಿಯ ಟ್ಯಾಂಕಿಗೆ ಹೋಗಿ, ಸೋಸಿ, ಕ್ಲೋರಿನ್ ಹಾಕಿಸಿಕೊಂಡು ಮತ್ತೆ ಮೇಲೆ ಬರುವುದು.

ಮೊದಲ ಪ್ರಶ್ನೆ ಸೊಳ್ಳೆಯದು. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿನಲ್ಲಿ. ವಾರ ಹತ್ತು ದಿನದಲ್ಲಿ ಮರಿಗೆ ರೆಕ್ಕೆ ಬರುತ್ತದೆ. ನೀರು ನಿಲ್ಲುವುದೇ ಇಲ್ಲ ಅಂತ ಹುಡುಗ ಮೂರು ಸಲ ಹೇಳಿದ. ಕೇಳಿದವರು ಮೂರು ಸಲವೂ ತಲೆಯಾಡಿಸಿ, 'ಆದರೂ ಸೊಳ್ಳೆ' ಅಂದರು. ಅವರ ಮನೆಯ ಮುಂದಿನ ತೆಂಗಿನ ಚಿಪ್ಪು, ಹೂಕುಂಡದ ತಟ್ಟೆ ನನಗೆ ಗೊತ್ತು. ಸುಮ್ನೆ ಇದ್ದೆ.

ಎರಡನೆಯ ಮಾತು ಬಂದದ್ದು ಹಿಂದಿನ ಸಾಲಿನಿಂದ. 'ಕುಡಿಯೋಕೇ ನೀರಿಲ್ಲ, ಆಡೋಕೆ ಎಲ್ಲಿಂದ ತರ್ತೀರಿ?'

ಇದಕ್ಕೆ ನಗಲಾಗಲಿಲ್ಲ. ನಮ್ಮ ನಲ್ಲಿಗೆ ಬರುವುದು ಕಾವೇರಿ, ಇಲ್ಲವೇ ಕಬಿನಿ. ಪೇಪರ್ ತೆಗೆದರೆ ಚಿನ್ನದ ರೇಟಿಗಿಂತ ಮೊದಲು ಕೆಆರ್‌ಎಸ್ ಮಟ್ಟ ನೋಡುವ ಜನ ನಾವು. ಕಟ್ಟೆ ತುಂಬಿದರೆ 124.80 ಅಡಿ ಅನ್ನುವುದು ಇಲ್ಲಿನ ಮಕ್ಕಳಿಗೂ ಬಾಯಿಪಾಠ. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲೇ ಇಲ್ಲ. ಮಂಡ್ಯದಲ್ಲಿ ರೈತರು ರಸ್ತೆಯಲ್ಲಿ ಕೂತರು. ಇನ್ನೆರಡು ವರ್ಷಕ್ಕೆ, 2025ರಲ್ಲಿ, ಜೂನ್ ಮುಗಿಯುವುದರೊಳಗೇ ತುಂಬಿ ಬಾಗಿನ ಕೊಟ್ಟಾಯಿತು. ಒಂದು ವರ್ಷ ಕಣ್ಣೀರು, ಒಂದು ವರ್ಷ ಬಾಗಿನ. ಇದರ ನಡುವೆ ನಳಿಕೆ, ಚಿಮ್ಮುವಿಕೆ ಅಂದರೆ ಯಾರಿಗಾದರೂ ಸಂಕಟವಾಗುತ್ತದೆ.

ಆದರೆ ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ನಾನು ಹುಟ್ಟಿದ್ದು ಮಂಡ್ಯದ ಕಡೆಯ ಹಳ್ಳಿಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಪಕ್ಕ. ತಾತ ಕೊನೆಯವರೆಗೂ ಇರ್ವಿನ್ ನಾಲೆ ಅನ್ನುತ್ತಿದ್ದರು, ಹಳೇ ಹೆಸರು ಅದು. ನಾಲೆಗೆ ನೀರು ಬಿಟ್ಟ ದಿನ ಊರಿಗೇ ಹಬ್ಬ. ಅಣ್ಣಂದಿರು ಸೇತುವೆ ಮೇಲಿಂದ ದುಡುಂ ಅಂತ ಧುಮುಕುತ್ತಿದ್ದರು. ನಾನು? ಸೋಪಾನದ ಮೇಲೆ ಕೂತು ಅವರ ಚಡ್ಡಿ ಒಗೆಯುತ್ತಿದ್ದೆ. ಮೊಣಕಾಲಿಗಿಂತ ಮೇಲೆ ಲಂಗ ನೆಂದರೆ ಅಮ್ಮನ ಕೈಯಲ್ಲಿ ಏಟು. ನೀರಿನ ಪಕ್ಕದಲ್ಲೇ ಬೆಳೆದೆ, ನೀರಿನಲ್ಲಿ ಆಡಿದ್ದು ನೆನಪಿಲ್ಲ. ಹಾಗಂತ ನಾಲೆ ಆಟದ ಜಾಗವೂ ಅಲ್ಲ ಬಿಡಿ. ಮೇಲೆ ಸಾಧುವಾಗಿ ಕಾಣುತ್ತದೆ, ಒಳಗಿನ ಸೆಳೆತಕ್ಕೆ ಈಜು ಬಲ್ಲವರೂ ಹೋಗಿದ್ದಾರೆ.

ಶಾಲೆಯಿಂದ ಒಮ್ಮೆ ಬೃಂದಾವನಕ್ಕೆ ಕರೆದುಕೊಂಡು ಹೋಗಿದ್ದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ಕಟ್ಟೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿಸಿದ್ದು. ಮಿರ್ಜಾ ಸಾಹೇಬರಿಗೆ ನನ್ನ ನಮಸ್ಕಾರ. ಆದರೆ ಅಷ್ಟೊಂದು ನೀರು ಬಣ್ಣ ಬಣ್ಣವಾಗಿ ಕುಣಿಯುತ್ತಿದ್ದಾಗ ನಾವು ಮಾತ್ರ ಸಾಲಾಗಿ ಕೈಕಟ್ಟಿ ನಿಂತಿದ್ದೆವು. ಹಿಂದೆ ಮೇಷ್ಟ್ರು, ಮೇಷ್ಟ್ರ ಕೈಯಲ್ಲಿ ಕೋಲು. ನಮ್ಮ ಕಡೆ ನೀರನ್ನು ಪೂಜೆ ಮಾಡುತ್ತೇವೆ, ಅದಕ್ಕಾಗಿ ಜಗಳ ಆಡುತ್ತೇವೆ, ಬಿಂದಿಗೆಗೆ ತುಂಬುತ್ತೇವೆ, ದೀಪ ಹಾಕಿ ನೋಡುತ್ತೇವೆ. ಅದರಲ್ಲಿ ಆಡುವುದು ಅಂದ ಕೂಡಲೇ ಮುಖ ಗಂಟು.

ಹಾಗಾಗಿ ನಾನು ಕೈ ಎತ್ತಿದೆ. ಬೇಕು ಅಂದೆ. ವರ್ಷವಿಡೀ ಬೇಡ, ಶಿವರಾತ್ರಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ, ಸಂಜೆ ಎರಡು ಗಂಟೆ. ಕಟ್ಟೆಯಲ್ಲಿ ನೀರಿಲ್ಲದ ವರ್ಷ ಬಂದ್. ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಚಿಲಕ ಒಳಗಡೆಯಿಂದ ಬೀಳುವಂಥದ್ದು. ಅದಿಲ್ಲದಿದ್ದರೆ ಆಡುವವರು ಬರೀ ಗಂಡುಮಕ್ಕಳೇ ಆಗುತ್ತಾರೆ, ಹೆಣ್ಣುಮಕ್ಕಳು ಬೆಂಚಿನ ಮೇಲೆ ಕೂತು ಅವರ ಚಪ್ಪಲಿ ಕಾಯುತ್ತಾರೆ.

'ಹೆಣ್ಣುಮಕ್ಕಳಿಗೆ ಬೇರೆ ಟೈಮ್ ಇಟ್ಟರಾಯಿತು, ಮಧ್ಯಾಹ್ನ' ಅಂದರು ಒಬ್ಬ ಹಿರಿಯರು. ಏಪ್ರಿಲ್ ಮಧ್ಯಾಹ್ನ ಒಂದು ಗಂಟೆಗೆ ಅವರನ್ನೇ ಆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಿಸಬೇಕು ಅನ್ನಿಸಿತು.

ನಿಜವಾದ ತೊಡಕು ಇದ್ದದ್ದು ಆ ಎರಡು ದಾರಿಯಲ್ಲಿ. ಎಲ್ಲರೂ ತಿರುಗಿ ತಿರುಗಿ ಬರುವ ನೀರಿಗೇ ಓಟು ಹಾಕಿದರು, ಉಳಿತಾಯ ಅಂತ. ಕಾಗದದ ಮೇಲೆ ಉಳಿತಾಯವೇ ಸರಿ. ಆದರೆ ಇಪ್ಪತ್ತು ಮಕ್ಕಳ ಕಾಲ್ಗೆಸರು, ಬೆವರು, ಹೇಳಬಾರದ್ದು ಇನ್ನೊಂದು, ಎಲ್ಲ ಸೇರಿದ ನೀರು ಅದು. ಕ್ಲೋರಿನ್ ಬಿಸಿಲಿಗೆ ಕರಗುತ್ತದೆ, ಕೊಳೆಗೆ ಕರಗುತ್ತದೆ. ದಿನಕ್ಕೆ ಹಲವು ಸಲ ಯಾರಾದರೂ ಅಳೆಯಬೇಕು, ಫಿಲ್ಟರ್ ತೊಳೆಯಬೇಕು. ಭೇದಿಯಾದ ಮಗು ಬಂದರೆ ಮನೆಗೆ ಕಳಿಸಬೇಕು, ಯಾಕೆಂದರೆ ಕೆಲವು ರೋಗಾಣು ಕ್ಲೋರಿನ್‌ಗೂ ಜಗ್ಗುವುದಿಲ್ಲ. ಒಂದೇ ಸಲ ಬಳಸುವ ನೀರು ದುಂದು ಅನ್ನಿಸಿದರೂ, ಅದನ್ನು ಹೊಂಗೆ, ಬೇವಿನ ಬುಡಕ್ಕೆ ತಿರುಗಿಸಬಹುದು. ಗಿಡಕ್ಕೆ ಹೇಗೂ ಹಾಕುವ ನೀರು ಮೊದಲು ಮಕ್ಕಳ ತಲೆ ಮೇಲೆ ಬಿದ್ದು ಹೋಗಲಿ. ನನ್ನ ಓಟು ಅದಕ್ಕೆ. ಒಂದೇ ಓಟು.

'ನೋಡಿಕೊಳ್ಳುವವರು ಯಾರು?' ಅಂತ ಕೇಳಿದೆ. ಹುಡುಗ ಪ್ಲಾನ್ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿದ. ಅದರಲ್ಲಿ ನಳಿಕೆ ಇತ್ತು, ಪಂಪು ಇತ್ತು, ಅಣಬೆಯಾಕಾರದ ಕೆಂಪು ಕೊಡೆ ಇತ್ತು. ಮನುಷ್ಯ ಇರಲಿಲ್ಲ.

ನಮ್ಮ ಊರಿನ ಕೆರೆಗೆ ಒಬ್ಬ ನೀರ್ಗಂಟಿ ಇದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡುವುದು ಅವನ ಕೆಲಸ. ಸುಗ್ಗಿಯಲ್ಲಿ ಎಲ್ಲರ ಕಣದಿಂದಲೂ ಅವನಿಗೆ ಇಷ್ಟು ಭತ್ತ. ಊರ ಗೌಡನೇ ಬಂದರೂ ತೂಬು ಮುಟ್ಟಲು ಬಿಡುತ್ತಿರಲಿಲ್ಲ. ನಮ್ಮ ಪಾರ್ಕಿಗೆ ಅಂಥವನೊಬ್ಬ ಬೇಕು. ಸಿಮೆಂಟ್ ಕಮಲ ಒಣಗಿದ್ದು ಮೋಟರ್ ಇಲ್ಲದೆ ಅಲ್ಲ, ನೀರ್ಗಂಟಿ ಇಲ್ಲದೆ. ಹೀಗೆ ಹೇಳಿದ್ದನ್ನು ಹುಡುಗ ಶ್ರದ್ಧೆಯಿಂದ ಬರೆದುಕೊಂಡ. 'ನೀರಿನ ಗಂಟೆ ಬೇಕು' ಅಂತ ಬರೆದದ್ದು ಆಮೇಲೆ ಕಂಡಿತು.

ಕೊನೆಗೆ ಎಲ್ಲರಿಗೂ ಒಂದು ಫಾರ್ಮ್ ಹಂಚಿದರು. ಹೆಸರು, ವಿಳಾಸ, ವಯಸ್ಸು. ನಾನು ಸುತ್ತ ಕಣ್ಣಾಡಿಸಿದೆ. ಅರವತ್ತೊಂದು, ಐವತ್ತೆಂಟು, ಎಪ್ಪತ್ತಮೂರು. ನಲವತ್ತೆರಡರ ಒಬ್ಬಾಕೆಯೇ ಸಭೆಯ ಕೂಸು. ನೀರಾಟಕ್ಕೆ ಬರಬೇಕಾದವರು ಬೇಲಿಯ ಆಚೆ ಗೋಡೆಗೆ ಒರಗಿ ನಿಂತಿದ್ದರು, ಏಳೆಂಟು ಜನ. ಸಭೆ ಶುರುವಾದಾಗ ಕ್ರಿಕೆಟ್ ಆಡುತ್ತಿದ್ದವರು. ಚೆಂಡು ಕಾಫಿ ಫ್ಲಾಸ್ಕಿಗೆ ಬಿತ್ತು ಅಂತ ನಾವೇ ಓಡಿಸಿದ್ದೆವು.

ನನ್ನ ಫಾರ್ಮ್ ಹಿಡಿದು ಅವರ ಹತ್ತಿರ ಹೋದೆ. ಎರಡು ಜಡೆಯ ಒಬ್ಬಳು ಮುಂದೆ ಬಂದಳು, ಕೈಯಲ್ಲಿ ಬ್ಯಾಟು.

'ಇಲ್ಲಿ ನಿಮಗೆ ಏನು ಬೇಕು ಹೇಳಮ್ಮ, ಬರ್ಕೋತೀನಿ' ಅಂದೆ.

ಅವಳು ಫಾರ್ಮ್ ನೋಡಲಿಲ್ಲ. ನನ್ನ ಭುಜದ ಮೇಲಿಂದ ಸಭೆಯ ಕಡೆ ನೋಡಿದಳು.

'ಆಂಟಿ, ಆ ತಾತನ ಕುರ್ಚಿ ಕೆಳಗೆ ನಮ್ಮ ಬಾಲ್ ಇದೆ. ಕೊಡ್ಸಿ.'