ಚಿರತೆಯನ್ನು ಹಿಡಿದು ದೂರ ಬಿಡಬೇಕೇ?

ಪರ: ಮೊದಲು ಬೋನು ಇಡಿ

ನಮ್ಮ ಬಿಲ್ಡಿಂಗು ಮುಂಬೈಯ ಗೋರೆಗಾಂವ್ ಪೂರ್ವದಲ್ಲಿ, ಕಾಡಿನಂತಿರುವ ಆರೆ ಕಾಲೋನಿಗೆ ಅಂಟಿಕೊಂಡೇ ಇದೆ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ವಾಚ್‌ಮನ್ ಫೋನ್ ಮಾಡಿದ. "ಕೆಳಗೆ ಬರಬೇಡಿ, ಬಿಬಟ್ಯಾ ಬಂದಿದೆ." ಮರಾಠಿಯಲ್ಲಿ ಚಿರತೆಗೆ ಹಾಗನ್ನುತ್ತಾರೆ. ಮಗ ಟ್ಯೂಷನ್‌ನಿಂದ ಬರುವ ಹೊತ್ತು. ಅವನ ಫೋನ್ ಸ್ವಿಚ್ ಆಫ್. ಕೈಗೆ ಸಿಕ್ಕ ಲಟ್ಟಣಿಗೆ ಹಿಡಿದು ಆರು ಮಹಡಿ ಬರಿಗಾಲಲ್ಲಿ ಇಳಿದೆ. ಅವನು ಗೇಟಿನ ಹೊರಗೆ ವಡಾ ಪಾವ್ ತಿನ್ನುತ್ತಾ ನಿಂತಿದ್ದ! ಚಿರತೆ ಗೋಡೆ ಹಾರಿ ಹೋಗಿತ್ತು. ನಮ್ಮ ಕರಿನಾಯಿ ಮಾತ್ರ ಮರುದಿನದಿಂದ ಕಾಣಲಿಲ್ಲ. ಮೂರು ವರ್ಷ ಅದಕ್ಕೆ ಇಡ್ಲಿ ಹಾಕಿದವಳು ನಾನು.

"ಚಿರತೆ ಮೊದಲಿದ್ದದ್ದು, ನೀವು ಆಮೇಲೆ ಬಂದವರು" ಅನ್ನುತ್ತಾರೆ. ಅಪ್ಪ ಕಾರ್ಕಳದಿಂದ ಬಂದು ಕ್ಯಾಂಟೀನಿನಲ್ಲಿ ಕಪ್ಪು ತೊಳೆಯುವಾಗಲೂ ಇದೇ ಮಾತು ಕೇಳಿದ್ದರು. ಆಗ ಮನುಷ್ಯರು ಹೇಳುತ್ತಿದ್ದರು, ಈಗ ಚಿರತೆಯ ವಕೀಲರು.

2022ರ ದೀಪಾವಳಿಯ ದಿನ ಆರೆಯಲ್ಲಿ ಒಂದೂವರೆ ವರ್ಷವೂ ತುಂಬದ ಹೆಣ್ಣುಮಗುವನ್ನು ಚಿರತೆ ಕೊಂದಿತು. ಬೋನು ಬಂದದ್ದು ಆಮೇಲೆ. ಬೇರೆ ಕಡೆ ಬಿಟ್ಟರೆ ಅಲ್ಲಿ ತೊಂದರೆಯಂತೆ. ಅದನ್ನು ತಜ್ಞರೇ ನೋಡಿಕೊಳ್ಳಲಿ, ಅದಕ್ಕೇ ಅವರು ತಜ್ಞರು ಅಲ್ವಾ? ಟಾರ್ಚ್ ಹಿಡಿಯಿರಿ, ಒಬ್ಬರೇ ಓಡಾಡಬೇಡಿ, ಮೊಬೈಲಿನಲ್ಲಿ ಹಾಡು ಹಾಕಿಕೊಂಡು ನಡೆಯಿರಿ. ಉಪದೇಶವೆಲ್ಲ ನಮಗೇ. ಬೋನು ಇಡಿ.

ವಿರೋಧ: ಒಂದು ಹೋದರೆ ಇನ್ನೊಂದು

ಈ ಕಡೆಗೆ ಬರೆಯಲು ಯಾರೂ ಸಿಗಲಿಲ್ಲ ಅಂತ ನನಗೆ ಹೇಳಿದರು. ನಾನಿರುವುದು ಕಾಡಿನಿಂದ ದೂರ, ದಾದರ್‌ನಲ್ಲಿ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಆರೆಗೆ ತಾಗಿಕೊಂಡ ಕಾಡು, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಸುಮಾರು 104 ಚದರ ಕಿಲೋಮೀಟರ್. ಸುತ್ತಲೂ ಊರು. ಪ್ರತಿ ಚಿರತೆಗೂ ತನ್ನದೇ ಓಡಾಟದ ಜಾಗ ಇರುತ್ತದೆ. ಒಂದನ್ನು ಎತ್ತಿದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ 2001ರಿಂದ ಕಬ್ಬಿನ ಗದ್ದೆಯ ಚಿರತೆಗಳನ್ನು ಹಿಡಿದು ಕಾಡಿಗೆ ಬಿಟ್ಟರು. ಬಿಟ್ಟ ಜಾಗಗಳ ಹತ್ತಿರ ಮನುಷ್ಯರ ಮೇಲಿನ ದಾಳಿ ಜಾಸ್ತಿಯಾದದ್ದನ್ನು ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಜೊತೆಗಾರರ ಅಧ್ಯಯನ ತೋರಿಸಿತು. ನಮ್ಮ ಕಾಂಪೌಂಡ್ ಒಂದು ಉಳಿದರೆ ಸಾಕು ಅನ್ನುವವರಿಗೆ ಇದು ಲೆಕ್ಕಕ್ಕಿಲ್ಲ.

ಚಿರತೆ ನಾಯಿಗಾಗಿ ಬರುತ್ತದೆ, ನಾಯಿ ಕಸಕ್ಕಾಗಿ. ಕಸ ತೆಗೆಯಿರಿ. ಬೀದಿನಾಯಿಗೆ ತಿಂಡಿ ಹಾಕುವವರೂ ಸ್ವಲ್ಪ ಯೋಚಿಸಲಿ. ಆ ಕಾಡಿನ ವಾರ್ಲಿ ಆದಿವಾಸಿಗಳು ಹುಲಿ-ಚಿರತೆಗಳ ದೇವರಾದ ವಾಘೋಬಾನನ್ನು ಪೂಜಿಸುತ್ತಾರೆ, ನಮ್ಮ ತುಳುನಾಡಿನ ಕಡೆ ಹುಲಿ ದೈವ ಪಿಲಿಚಾಮುಂಡಿಗೆ ಕೋಲ ಕೊಡುವ ಹಾಗೆ. ಅವರಿಗೆ ಭಯ ಇಲ್ಲ ಅಂತಲ್ಲ.

ಮಗಳು ಮುಲುಂಡ್‌ನಲ್ಲಿ ಕಾಡಿನ ಅಂಚಿಗೆ ಫ್ಲ್ಯಾಟ್ ನೋಡಿದಾಗ ಮಾತ್ರ ನಾನೇ ಬೇಡ ಅಂದೆ. ರೇಟು ಜಾಸ್ತಿಯಾಯಿತು ಅಂತ ಸುಮ್ನೆ ಒಂದು ನೆಪ ಹೇಳಿದೆ.