ಸಾಮ್ಯ ಹೇಳಿ ಸುಮ್ಮನಾಗೋಣ

ಹೋದ ಭಾನುವಾರ ಸಂಡೇ ಸ್ಕೂಲಿನಲ್ಲಿ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯ ಹೇಳುತ್ತಿದ್ದೆ. ಸಾಮ್ಯ ಅಂದರೆ ಒಳಗೊಂದು ಅರ್ಥ ಇಟ್ಟು ಹೇಳುವ ದೃಷ್ಟಾಂತದ ಕಥೆ. ಬೈಬಲಿನಲ್ಲಿ ಮತ್ತಾಯನ ಸುವಾರ್ತೆ, 20ನೇ ಅಧ್ಯಾಯ. ಯಜಮಾನ ಬೆಳಗಾಗುತ್ತಲೇ ಆಳುಗಳನ್ನು ಕರೆತರುತ್ತಾನೆ, ದಿನಕ್ಕೆ ಒಂದು ದಿನಾರಿ, ಅಂದರೆ ಆಗಿನ ಒಂದು ಬೆಳ್ಳಿ ನಾಣ್ಯ, ಅಂತ ಮಾತು. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕಡೆಗೆ ಸಂಜೆ ಐದಕ್ಕೂ ಪೇಟೆಗೆ ಹೋಗಿ ಸುಮ್ಮನೆ ನಿಂತವರನ್ನು ಕರೆತರುತ್ತಾನೆ. ಹೊತ್ತು ಮುಳುಗಿದ ಮೇಲೆ ಎಲ್ಲರಿಗೂ ಅದೇ ಒಂದು ದಿನಾರಿ. ಅದೂ ಕಡೆಗೆ ಬಂದವರಿಂದಲೇ ಶುರುಮಾಡು ಅಂತ ಪಾರುಪತ್ಯಗಾರನಿಗೆ ಅಪ್ಪಣೆ.

ಮುಂದೆ ಕೂತಿದ್ದ ಹುಡುಗ ತಡೆಯಲಾರದೆ "ಮಿಸ್, ಇದು ಮೋಸ" ಅಂದ. ಪಾಠದ ಪುಸ್ತಕದಲ್ಲಿ ಚೌಕ ಹಾಕಿ ಉತ್ತರ ಕೊಟ್ಟಿದ್ದರು: ಯಜಮಾನ ಅಂದರೆ ದೇವರು, ತೋಟ ಅಂದರೆ ಸಭೆ (ಕ್ರೈಸ್ತ ವಿಶ್ವಾಸಿಗಳ ಸಮುದಾಯ), ದಿನಾರಿ ಅಂದರೆ ನಿತ್ಯಜೀವ. ಅದನ್ನು ಓದಬೇಕು ಅನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಮೆಲ್ಲಗೆ ಮಾತಾಡಿದಳು. ಅವಳಪ್ಪ ಗಾರೆ ಕೆಲಸಕ್ಕೆ ಹೋಗುವವರು. "ಐದು ಗಂಟೆವರೆಗೂ ಯಾರೂ ನಿಂತಿರಲ್ಲ ಮಿಸ್. ಹತ್ತು ಗಂಟೆ ಆದ್ಮೇಲೆ ಕರೆಯೋರೇ ಬರಲ್ಲ, ಅಪ್ಪ ವಾಪಸ್ ಬಂದ್ಬಿಡ್ತಾರೆ. ಅವರ ಮನೇಲಿ ಏನೂ ಇರ್ಲಿಲ್ವೇನೋ."

ನಾನು ಪುಸ್ತಕ ಮುಚ್ಚಿದೆ. ಈ ಸಾಮ್ಯದ ಮೇಲೆ ಚರ್ಚಿನಲ್ಲಿ ಎಷ್ಟೋ ಪ್ರಸಂಗ ಕೇಳಿದ್ದೇನೆ. ಆ ಐದು ಗಂಟೆಯವರ ಮುಖ ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ಬೆಳಗ್ಗೆ ಬಂದವರ ಪಕ್ಕದಲ್ಲೇ ನಿಂತು ಅವರ ಲೆಕ್ಕವನ್ನೇ ಹಾಕುತ್ತಿದ್ದೆ. ಶಿಷ್ಯ ಪೇತ್ರನೂ ಅಲ್ಲೇ ನಿಂತಿದ್ದ. "ಎಲ್ಲ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತೆ?" ಅಂತ ಅವನು ಕೇಳಿದ ಮೇಲೇ ತಾನೆ ಯೇಸುಸ್ವಾಮಿ ಈ ಕಥೆ ಹೇಳಿದ್ದು!

ಓದುಬರಹ ಇಲ್ಲದವರಿಗೂ ತಿಳಿಯಲಿ ಅಂತ ಸ್ವಾಮಿ ಸುಲಭದ ಕಥೆ ಹೇಳಿದರು ಅನ್ನುವ ಮಾತು ನಮ್ಮಲ್ಲಿ ರೂಢಿ. ನಾನು ಒಪ್ಪುವುದಿಲ್ಲ. ಮಾರ್ಕ 4ರಲ್ಲಿ ಬಿತ್ತುವವನ ಸಾಮ್ಯ ಕೇಳಿದ ಶಿಷ್ಯರಿಗೇ ಅದು ತಿಳಿಯಲಿಲ್ಲ. ಹೊರಗಿನವರು ನೋಡಿದರೂ ಕಾಣದೆ, ಕೇಳಿದರೂ ಗ್ರಹಿಸದೆ ಇರುವಂತೆ ಸಾಮ್ಯಗಳಲ್ಲಿ ಹೇಳುತ್ತೇನೆ ಅಂತ ಹಿಂದಿನ ಪ್ರವಾದಿ ಯೆಶಾಯನ ಮಾತನ್ನೇ ಎತ್ತಿ ಸ್ವಾಮಿ ಹೇಳುತ್ತಾರೆ. ಕಠಿಣವಾದ ವಚನ. ಅದನ್ನು ನಾವು ಹಾರಿಸಿ ಓದುತ್ತೇವೆ. ನನಗನ್ನಿಸುವುದಿಷ್ಟು: ಕೇಳುವವನು ತಾನೇ ಕಥೆಯೊಳಗೆ ಹೋಗಿ ಸಿಕ್ಕಿಕೊಳ್ಳುವವರೆಗೂ ಸಾಮ್ಯ ಬಾಯಿ ಬಿಡುವುದಿಲ್ಲ. ಪರರ ಹೆಂಡತಿಯನ್ನು ತನ್ನವಳಾಗಿಸಿಕೊಂಡ ಅರಸ ದಾವೀದನಿಗೆ ಪ್ರವಾದಿ ನಾತಾನ, ಬಡವನ ಒಂದೇ ಹೆಣ್ಣುಕುರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿದಾಗಲೂ ಅಷ್ಟೇ. ಅರಸ ಸಿಟ್ಟಿನಲ್ಲಿ ತೀರ್ಪು ಕೊಟ್ಟ, ಆಮೇಲೆ ಆ ತೀರ್ಪು ತನಗೇ ಅಂತ ಗೊತ್ತಾಯಿತು.

ಸಮಾರ್ಯದವನ ಸಾಮ್ಯ ನೋಡಿ. ಯೆರಿಕೋ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದವನನ್ನು ಒಬ್ಬ ಯಾಜಕ, ಒಬ್ಬ ಲೇವಿ (ದೇವಾಲಯದ ಸೇವಕ) ನೋಡಿಯೂ ದಾಟಿ ಹೋಗುತ್ತಾರೆ; ಸಮಾರ್ಯದವನೊಬ್ಬ ಗಾಯ ಕಟ್ಟಿ ಛತ್ರಕ್ಕೆ ಸೇರಿಸುತ್ತಾನೆ. "ನನ್ನ ನೆರೆಯವನು ಯಾರು?" ಅಂತ ಧರ್ಮೋಪದೇಶಕ ಕೇಳಿದ್ದು. ಕಥೆ ಮುಗಿಸಿ ಸ್ವಾಮಿ ಪ್ರಶ್ನೆಯನ್ನೇ ತಿರುಗಿಸಿದರು: ಗಾಯಗೊಂಡು ಬಿದ್ದವನಿಗೆ ಈ ಮೂವರಲ್ಲಿ ಯಾರು ನೆರೆಯವನಾದ? ಉತ್ತರ ಅವನಿಗೆ ಗೊತ್ತಿತ್ತು. ಆದರೆ "ಸಮಾರ್ಯದವನು" ಅನ್ನುವ ಪದ ಅವನ ನಾಲಿಗೆಗೆ ಬರಲಿಲ್ಲ. "ದಯೆ ತೋರಿಸಿದವನು" ಅಂದುಬಿಟ್ಟ. ಆ ಒಂದು ತಡವರಿಕೆಯಲ್ಲಿ ಯೆಹೂದ್ಯರಿಗೂ ಸಮಾರ್ಯದವರಿಗೂ ತಲೆತಲಾಂತರದಿಂದ ಇದ್ದ ಹಗೆ ಪೂರ್ತಿ ಕಾಣುತ್ತದೆ. ಹಳೆಯ ಕಾಲದ ಧರ್ಮಗುರು ಸಂತ ಅಗಸ್ಟೀನರು ಇದೇ ಕಥೆಯಲ್ಲಿ ಬಿದ್ದವನನ್ನು ಆದಾಮ ಅಂದರು, ಛತ್ರವನ್ನು ಸಭೆ ಅಂದರು, ಛತ್ರದವನನ್ನು ಅಪೊಸ್ತಲ ಪೌಲ ಅಂದರು. ದೊಡ್ಡವರು, ಭಕ್ತಿಯಿಂದಲೇ ಹೇಳಿದ್ದು. ಆದರೆ ಹಾಗೆ ಓದಿದರೆ ಯೆರಿಕೋ ದಾರಿಯ ಆ ಮನುಷ್ಯನ ರಕ್ತ ನಮ್ಮ ಕೈಗೆ ತಾಗುವುದಿಲ್ಲ.

ಈ ಭಾನುವಾರ ಲೂಕ 15, ತಪ್ಪಿಹೋದ ಮಗ. ಆಸ್ತಿ ಹಾಳುಮಾಡಿ ಮರಳಿ ಬಂದ ತಮ್ಮನಿಗೆ ತಂದೆ ಔತಣ ಮಾಡಿಸುತ್ತಾನೆ. ಅಣ್ಣ "ಈ ನಿನ್ನ ಮಗ" ಅಂತ ಉರಿಯುತ್ತಾನೆ, ತಂದೆ "ಈ ನಿನ್ನ ತಮ್ಮ" ಅಂತ ತಿದ್ದುತ್ತಾನೆ. ಅಣ್ಣ ಮನೆಯೊಳಗೆ ಹೋದನೋ ಇಲ್ಲವೋ, ಸುವಾರ್ತೆ ಹೇಳುವುದಿಲ್ಲ. ಪುಸ್ತಕದಲ್ಲಿ ಈ ಪಾಠಕ್ಕೂ ಒಂದು ಚೌಕ ಇದೆ. ನಾನು ಅದನ್ನು ಓದುವುದಿಲ್ಲ. ಅಣ್ಣನನ್ನು ಅಂಗಳದಲ್ಲೇ ನಿಲ್ಲಿಸಿ, ಮಕ್ಕಳು ಏನನ್ನುತ್ತಾರೆ ಅಂತ ಕಾಯುತ್ತೇನೆ.